ಐಸ್ ಪೆಟ್ಟಿಗೆಯೊಳಗಿನ ಗಡಿಯಾರ: ಲಿವರ್ ಕಸಿ ಬಗ್ಗೆ ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಬಂದ ಅಂಗಾಂಗ ದಾನದ ಲೇಖನ ಓದಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಹಲವರು ಪತ್ರ ಬರೆದಿದ್ದಾರೆ. ಅದರಲ್ಲಿ ಹೆಚ್ಚಿನವು ಲಿವರ್ ಕುರಿತವು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ. ಬರೆದವರಲ್ಲಿ ರೋಗಿಗಳ ಮನೆಯವರೇ ಜಾಸ್ತಿ ಇರುವುದರಿಂದ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ತುಮಕೂರಿನಲ್ಲಿ ಅಪಘಾತವಾದವರ ಲಿವರನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಬೆಂಗಳೂರಿಗೆ ಒಯ್ಯುವುದನ್ನು ಟಿವಿಯಲ್ಲಿ ತೋರಿಸಿದರು. ನೆಲಮಂಗಲದ ಹತ್ತಿರ ಟ್ರಾಫಿಕ್ಕಿಗೆ ಸಿಕ್ಕಿಕೊಂಡರೆ ಲಿವರ್ ಕೆಟ್ಟುಹೋಗುತ್ತದೆಯೇ? ಬರೀ ಐಸ್ ಹಾಕಿದರೆ ಸಾಕೇ? — ಶಿರಾ

ಉತ್ತರ: ಬರೀ ಐಸ್ ಸಾಲದು. ನಿಜ ಹೇಳಬೇಕೆಂದರೆ ಲಿವರ್ ತಣ್ಣಗಾಗುವುದು ಪೆಟ್ಟಿಗೆಯಲ್ಲಲ್ಲ, ದಾನಿಯ ಹೊಟ್ಟೆಯೊಳಗೇ. ಒಂದೂಕಾಲು, ಒಂದೂವರೆ ಕೆ.ಜಿ. ತೂಗುವ ಬಿಸಿ ಲಿವರನ್ನು ಹಾಗೇ ತೆಗೆದು ಐಸಿನ ಮೇಲಿಟ್ಟರೆ ಮೇಲ್ಪದರ ತಣ್ಣಗಾಗುತ್ತದೆ, ನಡುಭಾಗ ಬಿಸಿಯಾಗಿಯೇ ಉಳಿದು ಹಾಳಾಗುತ್ತದೆ. ಅದಕ್ಕೇ ಒಳಗಿನ ರಕ್ತನಾಳಗಳ ಮೂಲಕವೇ ತಂಪು ಹರಿಸಬೇಕು.

ಮಿದುಳು ನಿಷ್ಕ್ರಿಯವಾದ ದಾನಿಯ ಹೃದಯ ಆಗ ಇನ್ನೂ ಬಡಿಯುತ್ತಿರುತ್ತದೆ. ರಕ್ತ ಹೆಪ್ಪುಗಟ್ಟದಿರಲೆಂದು ಕೆ.ಜಿ. ತೂಕಕ್ಕೆ ಸುಮಾರು 300 ಯೂನಿಟ್ ಹೆಪಾರಿನ್ ಕೊಡುತ್ತಾರೆ. ಹೊಟ್ಟೆಯ ಮಹಾಪಧಮನಿಗೆ ಒಂದು ಕೊಳವೆ ಇಳಿಸುತ್ತಾರೆ, ಎಷ್ಟೋ ಕಡೆ ಕರುಳಿನಿಂದ ಲಿವರ್‌ಗೆ ಹೋಗುವ ಪೋರ್ಟಲ್ ನಾಳಕ್ಕೂ ಇನ್ನೊಂದನ್ನು ಇಳಿಸುತ್ತಾರೆ. ಆಮೇಲೆ ಮಹಾಪಧಮನಿಯನ್ನು ಮೇಲ್ಗಡೆ ಕ್ಲ್ಯಾಂಪ್ ಹಾಕಿ ಮುಚ್ಚಿ, ರಕ್ತ ಹೊರಹೋಗಲು ದೊಡ್ಡ ಅಭಿಧಮನಿಯನ್ನು ಕತ್ತರಿಸಿ, ತಣ್ಣನೆಯ ಸಂರಕ್ಷಣಾ ದ್ರಾವಣ ಬಿಡುತ್ತಾರೆ. ಅದೇ ಹೊತ್ತಿಗೆ ಹೊಟ್ಟೆಯೊಳಗೆ ಪುಡಿ ಐಸ್ ಬೆರೆತ ಸಲೈನ್ ಸುರಿಯುತ್ತಾರೆ. ಕಂದುಗೆಂಪು ಲಿವರ್ ನೋಡುನೋಡುತ್ತಲೇ ಒಂದೇ ಸಮನಾಗಿ ಬಿಳಿಚಿಕೊಳ್ಳಬೇಕು. ಎಲ್ಲಾದರೂ ಕೆಂಪು ಮಚ್ಚೆ ಉಳಿದರೆ ಆ ಭಾಗಕ್ಕೆ ದ್ರಾವಣ ತಲುಪಿಲ್ಲ ಎಂದರ್ಥ. ಕ್ಲ್ಯಾಂಪ್ ಹಾಕಿದ ಕ್ಷಣವನ್ನು ಗಡಿಯಾರ ನೋಡಿ ಬರೆದಿಡುತ್ತಾರೆ. ಡಾಕ್ಟರುಗಳು 'ಕೋಲ್ಡ್ ಇಸ್ಕೀಮಿಯಾ ಟೈಮ್' (ರಕ್ತವಿಲ್ಲದೆ ತಂಪಿನಲ್ಲಿ ಕಳೆದ ಹೊತ್ತು) ಎನ್ನುವ ಲೆಕ್ಕ ಅಲ್ಲಿಂದ ಶುರು.

ದ್ರಾವಣ ಯಾವುದು? ಹೆಚ್ಚು ಬಳಕೆಯಲ್ಲಿರುವುದು ಎರಡು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬೆಲ್ಜರ್ ಮತ್ತು ಸದರ್ಡ್ 1980ರ ದಶಕದಲ್ಲಿ ರೂಪಿಸಿದ 'ಯು.ಡಬ್ಲ್ಯು.' ಒಂದು. ಜರ್ಮನಿಯಲ್ಲಿ ಬ್ರೆಟ್‌ಶ್ನೈಡರ್ ಅವರು ಹೃದಯದ ಶಸ್ತ್ರಚಿಕಿತ್ಸೆಗೆಂದು ಮಾಡಿದ್ದ 'ಎಚ್.ಟಿ.ಕೆ.' ಇನ್ನೊಂದು. ಯು.ಡಬ್ಲ್ಯು. ಮಂದ, ಕೆಲವೇ ಲೀಟರ್ ಸಾಕಾಗುತ್ತದೆ. ಎಚ್.ಟಿ.ಕೆ. ನೀರಿನಷ್ಟು ತೆಳು, ಅದಕ್ಕಿಂತ ಎಷ್ಟೋ ಹೆಚ್ಚು ಹರಿಸಬೇಕು. ಯು.ಡಬ್ಲ್ಯು. ಬರುವ ಮುನ್ನ ಲಿವರ್ 6–8 ಗಂಟೆ ತಡೆದರೆ ಹೆಚ್ಚು. ಆದ್ದರಿಂದ ಕಸಿ ಎಂದರೆ ನಡುರಾತ್ರಿಯ ಓಟವಾಗಿತ್ತು.

ಈ ದ್ರಾವಣದಲ್ಲಿ ಇರುವುದೇನು ಎಂದು ನಮ್ಮ ಕಡೆಯ ಬೋರ್‌ವೆಲ್ ಲೆಕ್ಕದಲ್ಲಿ ಹೇಳುವುದು ಸುಲಭ. ಪ್ರತಿ ಜೀವಕೋಶದ ಹೊರಪೊರೆಯಲ್ಲೂ ಸೋಡಿಯಂ ಹೊರಹಾಕಿ ಪೊಟ್ಯಾಶಿಯಂ ಒಳಗೆಳೆಯುವ ಪಂಪ್ ಇದೆ. ರಕ್ತ ನಿಂತರೆ ಕರೆಂಟ್ ಹೋದಂತೆ: ಪಂಪ್ ನಿಂತು ಸೋಡಿಯಂ ಒಳನುಗ್ಗುತ್ತದೆ, ಅದರ ಹಿಂದೆ ನೀರು, ಕೋಶ ಉಬ್ಬಿ ಒಡೆಯುತ್ತದೆ. ತಂಪು ಮಾಡಿದರೆ ಕೋಶಕ್ಕೆ ಬೇಕಾದ ಶಕ್ತಿಯೇ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಒಲೆಯ ಉರಿ ತಗ್ಗಿಸಿದಂತೆ, ಆರಿಸಿದಂತಲ್ಲ. ಉಬ್ಬುವುದನ್ನು ತಡೆಯಲು ಯು.ಡಬ್ಲ್ಯು.ನಲ್ಲಿ ಲ್ಯಾಕ್ಟೋಬಯೋನೇಟ್, ರ್‍ಯಾಫಿನೋಸ್ ಎಂಬ ದಪ್ಪ ಕಣಗಳಿವೆ. ಅವು ಕೋಶದೊಳಗೆ ತೂರಲಾರದೆ ನೀರನ್ನು ಹೊರಗೇ ಹಿಡಿದಿಡುತ್ತವೆ. ಗ್ಲುಟಾಥಯೋನ್, ಅಲೋಪ್ಯೂರಿನಾಲ್ ಇರುವುದು ಮುಂದೆ ರಕ್ತ ಬಿಟ್ಟಾಗ ಆಗುವ ಸುಡುವಿಕೆ ತಗ್ಗಿಸಲು.

ಆ ಸುಡುವಿಕೆಯೇ ಅಸಲು ಶತ್ರು. ಹೋದ ಕರೆಂಟ್ ವಾಪಸ್ ಬರುವಾಗ ವೋಲ್ಟೇಜ್ ಏರಿ ಮೋಟರ್ ಸುಟ್ಟುಹೋಗುವುದನ್ನು ರೈತರು ಕಂಡಿದ್ದೀರಿ. ತಣ್ಣಗಿದ್ದ ಲಿವರ್‌ಗೆ ಬಿಸಿರಕ್ತ, ಆಮ್ಲಜನಕ ಒಮ್ಮೆಲೇ ನುಗ್ಗಿದಾಗಲೂ ಹಾಗೇ. ಅಷ್ಟು ಹೊತ್ತು ಕೂಡಿಕೊಂಡಿದ್ದ ಸಕ್ಸಿನೇಟ್ ಎಂಬ ವಸ್ತು ಸರ್ರನೆ ಉರಿದು, ಕೋಶಗಳನ್ನು ಕೊರೆಯುವ ಆಮ್ಲಜನಕ ಕಣಗಳು ಹುಟ್ಟುತ್ತವೆ. ಐಸಿನಲ್ಲಿದ್ದ ಹೊತ್ತು ಹೆಚ್ಚಿದಷ್ಟೂ ಈ ಹೊಡೆತ ಜೋರು.

ಇನ್ನು ಪೆಟ್ಟಿಗೆಯ ವಿಷಯ. ಲಿವರ್ ಮೊದಲ ಸ್ಟೆರೈಲ್ ಚೀಲದಲ್ಲಿ ದ್ರಾವಣದೊಳಗೆ ಮುಳುಗಿರುತ್ತದೆ, ಆ ಚೀಲ ತಣ್ಣನೆಯ ಸಲೈನ್ ಇರುವ ಎರಡನೆಯದರಲ್ಲಿ, ಅದು ಮೂರನೆಯದರಲ್ಲಿ. ಆಮೇಲೆ ಐಸ್. ಇಲ್ಲಿ ಎಡವುವವರಿದ್ದಾರೆ. ಐಸ್ ನೇರವಾಗಿ ಅಂಗಕ್ಕೆ ತಾಗಬಾರದು. ಫ್ರೀಜರಿನಿಂದ ಆಗತಾನೆ ತೆಗೆದ, ಮೈನಸ್ ಡಿಗ್ರಿಯಲ್ಲಿರುವ ಒಣ ಐಸ್‌ಗಡ್ಡೆಗಿಂತ ಕರಗುತ್ತಿರುವ, ನೀರಾಡುವ ಐಸ್ ಒಳ್ಳೆಯದು. ಅದು ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗುವುದಿಲ್ಲ. ಐಸ್‌ಕ್ರೀಂ ಗಾಡಿಯವರು ಬಳಸುವ ಡ್ರೈ ಐಸನ್ನಂತೂ ಮುಟ್ಟಬಾರದು. ಬೇಕಿರುವುದು 0ರಿಂದ 4 ಡಿಗ್ರಿ, ಅಷ್ಟೇ.

ಈಗ ನಿಮ್ಮ ನೆಲಮಂಗಲ. ಹೃದಯ ಸುಮಾರು 4 ಗಂಟೆ, ಶ್ವಾಸಕೋಶ 6, ಲಿವರ್ 12, ಕಿಡ್ನಿ 24 ಗಂಟೆಯಾಚೆಗೂ ತಡೆಯುತ್ತದೆ. ಲಿವರ್‌ಗೆ 12 ಎಂಬುದು ಕೊನೆಯ ಗಡಿ, ತಂಡಗಳು 8ರೊಳಗೆ ಮುಗಿಸಲು ನೋಡುತ್ತವೆ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಪೊಲೀಸರು ದಾರಿ ಬಿಡಿಸಿಕೊಡುವ ಗ್ರೀನ್ ಕಾರಿಡಾರ್ ಇದ್ದರೆ ರಸ್ತೆಗೆ ಹೋಗುವುದು ಒಂದು ಗಂಟೆಯ ಆಸುಪಾಸು. ಉಳಿದ ಹೊತ್ತೆಲ್ಲ ಆಪರೇಷನ್ ಥಿಯೇಟರಿನಲ್ಲೇ ಕಳೆಯುತ್ತದೆ. ಲಿವರ್ ಬಿಡಿಸಿ ತೆಗೆಯಲು ಅರ್ಧದಿಂದ ಒಂದು ಗಂಟೆ, ಮೇಜಿನ ಮೇಲೆ ಐಸಿನಲ್ಲಿಟ್ಟು ರಕ್ತನಾಳ ಹಸನು ಮಾಡಿ ಸೋರಿಕೆ ನೋಡಲು ಒಂದೆರಡು ಗಂಟೆ, ಹೊಲಿಯಲು ಸುಮಾರು ಒಂದು ಗಂಟೆ. ರೋಗಿಯ ಹಳೆಯ ಲಿವರ್ ತೆಗೆಯುವುದು ತಡವಾದರೆ ಹೊಸದು ಐಸಿನಲ್ಲೇ ಕಾಯಬೇಕು. ಒಳ್ಳೆಯ ಲಿವರ್‌ಗೆ ಅರ್ಧ ಗಂಟೆ ಟ್ರಾಫಿಕ್ ದೊಡ್ಡ ಪೆಟ್ಟಲ್ಲ. ವಯಸ್ಸಾದ, ಕೊಬ್ಬಿರುವ ಲಿವರ್‌ಗೆ ಪೆಟ್ಟು.

ಕೊನೆಗೊಂದು ಮಾತು, ಇದನ್ನು ಟಿವಿಯಲ್ಲಿ ತೋರಿಸುವುದಿಲ್ಲ. ಯು.ಡಬ್ಲ್ಯು.ನಲ್ಲಿ ಪೊಟ್ಯಾಶಿಯಂ ನಮ್ಮ ರಕ್ತಕ್ಕಿಂತ 25 ಪಟ್ಟಿಗೂ ಹೆಚ್ಚು. ಅದನ್ನು ತೊಳೆಯದೆ ರಕ್ತ ಬಿಟ್ಟರೆ ಅಷ್ಟೂ ಪೊಟ್ಯಾಶಿಯಂ ಹೃದಯಕ್ಕೆ ಹೋಗಿ ಬಡಿತ ನಿಲ್ಲಬಹುದು. ಹಾಗಾಗಿ ಕ್ಲ್ಯಾಂಪ್ ಬಿಡುವ ಮುನ್ನ ಆಲ್ಬುಮಿನ್ ಅಥವಾ ಸಲೈನ್‌ನಲ್ಲಿ ಲಿವರ್ ತೊಳೆಯುತ್ತಾರೆ, ಇಲ್ಲವೇ ಮೊದಲ ಒಂದಷ್ಟು ರಕ್ತವನ್ನು ಹೊರಗೆ ಹರಿಯಬಿಡುತ್ತಾರೆ.

ಪ್ರಶ್ನೆ: ಮೀನು, ಮಾಂಸ ಡೀಪ್ ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಲಿವರ್ ಹಾಗೆ ಇಡಲು ಏಕಾಗದು? ಬ್ಯಾಂಕ್ ಮಾಡಬಹುದಲ್ಲ? — ಮುಳಬಾಗಿಲು

ಉತ್ತರ: ಫ್ರೀಜರಿನ ಮಾಂಸ ಕರಗಿದಾಗ ತಟ್ಟೆಯಲ್ಲಿ ಕೆಂಪು ನೀರು ನಿಲ್ಲುತ್ತದಲ್ಲ, ಅದೇ ಉತ್ತರ. ಹೆಪ್ಪುಗಟ್ಟಿದ ನೀರಿನ ಹರಳುಗಳು ಕೋಶಗಳನ್ನು ಸೀಳಿಹಾಕಿವೆ. ತಿನ್ನಲು ಅಡ್ಡಿಯಿಲ್ಲ, ಬದುಕಲು ಆಗದು. ವೀರ್ಯ, ಭ್ರೂಣದಂಥ ಚಿಕ್ಕ ಕೋಶಗುಂಪುಗಳನ್ನು ಹೆಪ್ಪುರೋಧಕ ಹಾಕಿ ಶೇಖರಿಸಬಹುದು, ಒಂದೂವರೆ ಕೆ.ಜಿ. ಅಂಗದ ಮೂಲೆಮೂಲೆಗೂ ಅದನ್ನು ಸಮನಾಗಿ ತಲುಪಿಸಿ, ಸಮನಾಗಿ ತಣಿಸಿ, ಸಮನಾಗಿ ಕರಗಿಸುವುದು ಇನ್ನೂ ಕೈಗೂಡಿಲ್ಲ. ಬಾಸ್ಟನ್ನಿನ ಸಂಶೋಧಕರು 2019ರಲ್ಲಿ ಮನುಷ್ಯರ ಲಿವರನ್ನು ಹೆಪ್ಪುಗಟ್ಟಿಸದೆಯೇ ಮೈನಸ್ 4 ಡಿಗ್ರಿಗೆ ಇಳಿಸಿ 27 ಗಂಟೆ ಕಾಪಾಡಿದ್ದನ್ನು ಪ್ರಕಟಿಸಿದರು. ಅವು ಪ್ರಯೋಗದ ಲಿವರುಗಳು, ಯಾರಿಗೂ ಕಸಿ ಮಾಡಿದ್ದಲ್ಲ.

ಪ್ರಶ್ನೆ: ಲಿವರನ್ನು ದೇಹದ ಹೊರಗೆ ಬಿಸಿಯಾಗಿಯೇ ಬದುಕಿಸುವ ಯಂತ್ರವಿದೆ ಎಂದು ಓದಿದೆ. ಹೇಗೆ ಕೆಲಸ ಮಾಡುತ್ತದೆ? ಇನ್ನು ಐಸ್ ಬೇಡವೇ? — ಗೌರಿಬಿದನೂರು, ವಿದ್ಯಾರ್ಥಿನಿ

ಉತ್ತರ: ಯಂತ್ರಗಳಲ್ಲಿ ಎರಡು ಪಂಥ, ಬಿಸಿಯದು ಮತ್ತು ತಣ್ಣನೆಯದು.

ಬಿಸಿ ಯಂತ್ರ 37 ಡಿಗ್ರಿಯಲ್ಲಿ ನಡೆಯುತ್ತದೆ. ಹೃದಯದ ಬದಲು ಪಂಪ್, ಶ್ವಾಸಕೋಶದ ಬದಲು ಆಕ್ಸಿಜನೇಟರ್, ಜೊತೆಗೆ ಹೀಟರ್. ಒಳಗೆ ಹರಿಯುವುದು ರಕ್ತನಿಧಿಯಿಂದ ತಂದ ಕೆಂಪುರಕ್ತಕಣ. ಅದಕ್ಕೆ ಹೆಪಾರಿನ್, ಇನ್ಸುಲಿನ್, ಪೋಷಕಾಂಶ, ಪಿತ್ತಲವಣ ಸೇರಿಸುತ್ತಾರೆ. ಇದರ ದೊಡ್ಡ ಲಾಭ ಕಾಪಾಡುವುದಕ್ಕಿಂತ ಪರೀಕ್ಷಿಸುವುದರಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಐಸಿನಲ್ಲಿರುವ ಲಿವರ್ ಬಾಯಿಬಿಡುವುದಿಲ್ಲ, ಯಂತ್ರದಲ್ಲಿರುವುದು ಬಿಡುತ್ತದೆ. ಆಮ್ಲಜನಕ ಸಾಲದಾಗ ಕೂಡಿಕೊಳ್ಳುವ ಲ್ಯಾಕ್ಟೇಟ್ ಎರಡು-ನಾಲ್ಕು ಗಂಟೆಯಲ್ಲಿ 2.5ರ ಕೆಳಗೆ ಇಳಿಯಿತೇ, ರಕ್ತದ ಆಮ್ಲೀಯತೆ ತಾನಾಗಿ ಸರಿಹೋಯಿತೇ, ಪಿತ್ತರಸ ತೊಟ್ಟಿಕ್ಕಿತೇ ಎಂದು ನೋಡಿ, ಹೊಲಿಯುವ ಮೊದಲೇ ನಿರ್ಧರಿಸಬಹುದು. ಆಕ್ಸ್‌ಫರ್ಡ್ ತಂಡ ಮುನ್ನಡೆಸಿದ, 2018ರಲ್ಲಿ ಪ್ರಕಟವಾದ 220 ಕಸಿಗಳ ಯುರೋಪಿನ ಅಧ್ಯಯನದಲ್ಲಿ ಐಸಿಗೆ ಹೋಲಿಸಿದರೆ ಲಿವರ್‌ಗೆ ಆದ ಗಾಯ (ರಕ್ತದ ಎನ್‌ಜೈಮ್ ಲೆಕ್ಕದಲ್ಲಿ) ಅರ್ಧಕ್ಕೆ ಇಳಿದಿತ್ತು, ಬೇಡವೆಂದು ಬಿಟ್ಟ ಲಿವರುಗಳೂ ಅರ್ಧವಾದವು. ಅದೂ ಸರಾಸರಿ ಶೇ 54ರಷ್ಟು ಹೆಚ್ಚು ಹೊತ್ತು ಇಟ್ಟ ಮೇಲೆ. ಆದರೆ ಒಂದು ವರ್ಷದ ಹೊತ್ತಿಗೆ ಬದುಕಿದ್ದ ರೋಗಿಗಳ ಪ್ರಮಾಣ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಜಾಹೀರಾತಿನಲ್ಲಿ ಮೊದಲ ಸಾಲು ಇರುತ್ತದೆ, ಎರಡನೆಯದು ಇರುವುದಿಲ್ಲ.

ತಣ್ಣನೆಯ ಯಂತ್ರ ಸರಳ. ರಕ್ತವಿಲ್ಲ. 8–12 ಡಿಗ್ರಿಯ ದ್ರಾವಣಕ್ಕೆ ಆಮ್ಲಜನಕ ತುಂಬಿ, ಕಸಿಗೆ ಮುಂಚಿನ ಒಂದೆರಡು ಗಂಟೆ ಹರಿಸುತ್ತಾರೆ. ಕೂಡಿಕೊಂಡ ಸಕ್ಸಿನೇಟ್ ನಿಧಾನವಾಗಿ ಖರ್ಚಾಗುತ್ತದೆ, ಶಕ್ತಿ ಮತ್ತೆ ತುಂಬುತ್ತದೆ. ಮೇಲೆ ಹೇಳಿದ ಮೋಟರಿಗೆ ಸ್ಟೆಬಿಲೈಜರ್ ಹಾಕಿದಂತೆ. ನೆದರ್ಲೆಂಡ್ಸ್‌ನವರು ಮುನ್ನಡೆಸಿದ 2021ರ ಅಧ್ಯಯನದಲ್ಲಿ, ಹೃದಯ ನಿಂತ ಮೇಲೆ ದಾನವಾದ ಲಿವರುಗಳಲ್ಲಿ ಪಿತ್ತನಾಳ ಕಿರಿದಾಗುವ ತೊಂದರೆ ಬರೀ ಐಸಿನಲ್ಲಿ ಶೇ 18, ಈ ಯಂತ್ರ ಬಳಸಿದಾಗ ಶೇ 6. ಪಂಪ್ ಕೆಟ್ಟರೂ ಲಿವರ್ ತಣ್ಣಗೇ ಇರುವುದರಿಂದ ಅನಾಹುತವಿಲ್ಲ. ಬಿಸಿ ಯಂತ್ರ ನಿಂತರೆ ನಿಮಿಷಗಳ ಲೆಕ್ಕ.

ಜ್ಯೂರಿಚ್‌ನಲ್ಲಿ ಬೇರೆ ಆಸ್ಪತ್ರೆಗಳೆಲ್ಲ ಬೇಡವೆಂದಿದ್ದ ಒಂದು ಲಿವರನ್ನು ಯಂತ್ರದಲ್ಲಿ ಮೂರು ದಿನ ಇಟ್ಟು 2021ರಲ್ಲಿ ಕಸಿ ಮಾಡಿದರು. ವರ್ಷದ ನಂತರವೂ ರೋಗಿ ಚೆನ್ನಾಗಿದ್ದರು. ಹಾಗೆಂದು ಐಸ್ ಹೋಗಿಲ್ಲ. ಯಂತ್ರದ ಜೊತೆ ಪ್ರತಿ ಬಾರಿಯೂ ಬಿಸಾಡಬೇಕಾದ ಕೊಳವೆ-ಫಿಲ್ಟರ್ ಸೆಟ್ಟಿನ ಬೆಲೆಯೇ ಜೋರು. ಸಾಮಾನ್ಯ ದಾನಿಯ ಒಳ್ಳೆಯ ಲಿವರ್ ಒಂದು ಗಂಟೆ ದೂರ ಹೋಗಬೇಕಿದ್ದರೆ ಐಸ್ ಪೆಟ್ಟಿಗೆಗಿಂತ ಒಳ್ಳೆಯ, ಅಗ್ಗದ ಸಾಧನ ಇಲ್ಲ.

ಪ್ರಶ್ನೆ: ನಮ್ಮ ತಂದೆ ಅಂಗಾಂಗ ದಾನದ ಕಾರ್ಡ್ ಮಾಡಿಸಿದ್ದರು. ಮನೆಯಲ್ಲೇ ತೀರಿಕೊಂಡರು. ಆಸ್ಪತ್ರೆಗೆ ಫೋನ್ ಮಾಡಿದರೆ ಲಿವರ್ ತೆಗೆದುಕೊಳ್ಳಲು ಆಗುವುದಿಲ್ಲ ಎಂದರು. ಅವರ ಆಸೆ ನೆರವೇರಲಿಲ್ಲ ಎಂಬ ಕೊರಗು. — ಮಾಲೂರು

ಉತ್ತರ: ಆಸ್ಪತ್ರೆಯವರು ಹೇಳಿದ್ದು ಸರಿ, ನಿಮ್ಮ ತಪ್ಪೂ ಇಲ್ಲ. ದೇಹ ಬಿಸಿಯಾಗಿರುವಾಗ ರಕ್ತ ನಿಂತರೆ ಲಿವರ್ ಅರ್ಧ ಗಂಟೆಯಲ್ಲೇ ಕೆಡತೊಡಗುತ್ತದೆ. ಹಾಗಾಗಿ ನಮ್ಮಲ್ಲಿ ಲಿವರ್ ದಾನ ಆಗುವುದು ಹೆಚ್ಚಾಗಿ ಐಸಿಯುನಲ್ಲಿ, ವೆಂಟಿಲೇಟರಿನಲ್ಲಿದ್ದು ಮಿದುಳು ನಿಷ್ಕ್ರಿಯವಾದವರಿಂದ. ನಾಲ್ವರು ವೈದ್ಯರ ಸಮಿತಿ ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸಬೇಕು. 1994ರ ಕಾಯ್ದೆ ಹೇಳುವುದು ಇದನ್ನೇ. ಆಮೇಲೆ ಮನೆಯವರ ಒಪ್ಪಿಗೆ ಬೇಕು, ಕಾರ್ಡ್ ಇದ್ದರೂ ಕೇಳುತ್ತಾರೆ. ಅಪಘಾತದ ಪ್ರಕರಣವಾದರೆ ಪೊಲೀಸ್ ಮತ್ತು ಮರಣೋತ್ತರ ಪರೀಕ್ಷೆಯ ವೈದ್ಯರ ಅನುಮತಿಯೂ ಬೇಕು, ಅದಕ್ಕೆ ಕಾಯ್ದೆಯಲ್ಲೇ ದಾರಿಯಿದೆ. ರಾಜ್ಯದಲ್ಲಿ ಹಂಚಿಕೆ ನೋಡಿಕೊಳ್ಳುವುದು 'ಜೀವಸಾರ್ಥಕತೆ' ಸಂಸ್ಥೆ. ದಾನಕ್ಕೆ ತಗಲುವ ಖರ್ಚನ್ನು ದಾನಿಯ ಮನೆಯವರ ಮೇಲೆ ಹಾಕುವಂತಿಲ್ಲ.

ಮನೆಯಲ್ಲಿ ತೀರಿಕೊಂಡವರಿಂದ ಕಣ್ಣು ಸಿಗುತ್ತದೆ, 6 ಗಂಟೆಯೊಳಗೆ. ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬಿಟ್ಟು ನೇತ್ರಭಂಡಾರಕ್ಕೆ ಫೋನ್ ಮಾಡಬೇಕು. ಇದನ್ನು ಕಾರ್ಡಿನ ಹಿಂದೆಯೇ ಅಚ್ಚು ಹಾಕಿಸಿದರೆ ಎಷ್ಟೋ ಮನೆಗಳ ಕೊರಗು ತಪ್ಪೀತು.

ಪ್ರಶ್ನೆ: ನಮ್ಮ ಯಜಮಾನರು ಲಿವರ್‌ಗಾಗಿ ಹೆಸರು ಬರೆಸಿ ಕಾಯುತ್ತಿದ್ದಾರೆ. ಒಂದು ರಾತ್ರಿ ಕರೆ ಬಂತು, ಕಾರು ಮಾಡಿಕೊಂಡು ಬೆಂಗಳೂರಿಗೆ ಹೋದೆವು. ಶೇವ್ ಮಾಡಿ ಎಲ್ಲ ತಯಾರು ಮಾಡಿದ ಮೇಲೆ 'ಲಿವರ್ ಸರಿಯಿಲ್ಲ' ಎಂದು ಬೆಳಗ್ಗೆ ವಾಪಸ್ ಕಳಿಸಿದರು. ಬೇರೆ ಯಾರಿಗಾದರೂ ಕೊಟ್ಟುಬಿಟ್ಟರೇ ಎಂಬ ಅನುಮಾನ. — ತಿಪಟೂರು

ಉತ್ತರ: ಅನುಮಾನ ಸಹಜ, ಆದರೆ ಹೀಗೆ ವಾಪಸಾಗುವುದು ಎಲ್ಲ ಕಸಿ ಕೇಂದ್ರಗಳಲ್ಲೂ ನಡೆಯುತ್ತದೆ. ಲಿವರ್ ಹೇಗಿದೆ ಎಂಬುದು ಹೊಟ್ಟೆ ತೆರೆದು ನೋಡುವವರೆಗೆ ಪೂರ್ತಿ ಗೊತ್ತಾಗದು. ಅದು ಗೊತ್ತಾಗುವ ಹೊತ್ತಿಗೆ ರೋಗಿ ಆಸ್ಪತ್ರೆಯಲ್ಲಿ ತಯಾರಿರಲೇಬೇಕು, ಇಲ್ಲದಿದ್ದರೆ ಐಸಿನ ಗಡಿಯಾರ ಓಡಿಬಿಡುತ್ತದೆ. ಅದಕ್ಕೇ ಮೊದಲು ಕರೆಸಿ ಆಮೇಲೆ ನೋಡುವುದು.

ಬೇಡವೆನ್ನಲು ದೊಡ್ಡ ಕಾರಣ ಕೊಬ್ಬು. ಒಳ್ಳೆಯ ಲಿವರ್ ಅಂಚು ಚೂಪಾಗಿರುತ್ತದೆ, ಬಣ್ಣ ಕಂದುಗೆಂಪು. ಕೊಬ್ಬಿನದು ಹಳದಿ ತಿರುಗಿ ಅಂಚು ಮೊಂಡಾಗಿರುತ್ತದೆ. ಅನುಮಾನವಿದ್ದರೆ ಚೂರು ತೆಗೆದು ಫ್ರೋಜನ್ ಸೆಕ್ಷನ್ ಪರೀಕ್ಷೆಗೆ (ಹೆಪ್ಪುಗಟ್ಟಿಸಿ ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುವುದು) ಕಳಿಸುತ್ತಾರೆ. ದೊಡ್ಡ ಹನಿಗಳ ಕೊಬ್ಬು ಶೇ 30ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. 30ರಿಂದ 60ರ ನಡುವೆ ಇದ್ದರೆ ದಾನಿಯ ವಯಸ್ಸು, ಐಸಿನ ಹೊತ್ತು, ರೋಗಿಯ ಸ್ಥಿತಿ ಎಲ್ಲ ತೂಗಿ ನೋಡಬೇಕು. 60 ದಾಟಿದರೆ ಹೆಚ್ಚಿನವರು ಬಿಡುತ್ತಾರೆ. ಚಳಿಗಾಲದಲ್ಲಿ ಡಬ್ಬಿಯ ತುಪ್ಪ ಗಟ್ಟಿಯಾಗುವುದಿಲ್ಲವೇ? ಉಬ್ಬಿದ ಕೊಬ್ಬುಕೋಶಗಳು ಮೊದಲೇ ಸೂಕ್ಷ್ಮ ರಕ್ತನಾಳಗಳನ್ನು ಒತ್ತಿರುತ್ತವೆ, ತಂಪಿನಲ್ಲಿ ಆ ಕೊಬ್ಬೂ ಗಟ್ಟಿಯಾದರೆ ಬಿಸಿರಕ್ತ ಬಿಟ್ಟಾಗ ಒಳಗೆ ಸರಾಗವಾಗಿ ಹರಿಯುವುದಿಲ್ಲ. ಇನ್ನೊಂದು ಕಾರಣ ದಾನಿಯ ರಕ್ತದಲ್ಲಿ ಸೋಡಿಯಂ 155 ದಾಟಿ ಹಾಗೇ ಉಳಿದದ್ದು. ಮಿದುಳು ನಿಷ್ಕ್ರಿಯವಾದಾಗ ಮೂತ್ರ ತಡೆಯುವ ಹಾರ್ಮೋನ್ ನಿಂತು ಲೀಟರುಗಟ್ಟಲೆ ಮೂತ್ರ ಹೋಗುತ್ತದೆ, ಸೋಡಿಯಂ ಏರುತ್ತದೆ. ಐಸಿಯುನವರು ಆ ಹಾರ್ಮೋನನ್ನೇ (ವ್ಯಾಸೋಪ್ರೆಸಿನ್) ಕೊಟ್ಟು, ನೀರು ತುಂಬಿ ಅದನ್ನು ಇಳಿಸದಿದ್ದರೆ ಒಳ್ಳೆಯ ಲಿವರೂ ಕೈತಪ್ಪುತ್ತದೆ. ಕಸಿಯ ಫಲಿತಾಂಶ ಜಿಲ್ಲಾ ಕೇಂದ್ರದ ಐಸಿಯುನಲ್ಲೇ ಅರ್ಧ ನಿರ್ಧಾರವಾಗುತ್ತದೆ ಎನ್ನುವುದು ಇದಕ್ಕೇ.

ಸರಿಯಿಲ್ಲದ ಲಿವರ್ ಹಾಕಿದರೆ ಅದು ಕೆಲಸವನ್ನೇ ಶುರುಮಾಡದಿರಬಹುದು, ಆಗ ದಿನಗಳೊಳಗೆ ಇನ್ನೊಂದು ಲಿವರ್ ಬೇಕು. ಆ ಬೆಳಗ್ಗೆ ವಾಪಸ್ ಬಂದದ್ದು ಒಳ್ಳೆಯದಕ್ಕೇ ಇರಬಹುದು. ಲಿವರ್ ಬೇಡವೆನ್ನಲು ಏನು ಕಾರಣ ಎಂದು ಕಸಿ ಸಂಯೋಜಕರನ್ನು ಕೇಳಿ, ಹೇಳುತ್ತಾರೆ. ಮುಂದಿನ ಕರೆಗೆ ಫೋನ್ ಸದಾ ಚಾರ್ಜ್ ಇರಲಿ, ವೈದ್ಯಕೀಯ ಕಡತ ಒಂದೇ ಚೀಲದಲ್ಲಿರಲಿ. ಕರೆ ಬಂದ ಮೇಲೆ ಏನೂ ತಿನ್ನಬಾರದು. ಜ್ವರವಿದ್ದರೆ ಫೋನಿನಲ್ಲೇ ಹೇಳಿಬಿಡಿ.

ಪ್ರಶ್ನೆ: ಅಣ್ಣನಿಗೆ ಕಸಿಯಾಗಿ ಏಳು ತಿಂಗಳು. ಚೆನ್ನಾಗಿದ್ದವನಿಗೆ ಈಗ ಮೈಯೆಲ್ಲ ನವೆ, ಆಗಾಗ ಚಳಿಜ್ವರ. ಪಿತ್ತನಾಳ ಕಿರಿದಾಗಿದೆ ಎನ್ನುತ್ತಾರೆ. ಇಷ್ಟು ತಡವಾಗಿ ಏಕೆ? — ಚಿಂತಾಮಣಿ

ಉತ್ತರ: ಲಿವರ್ ಕೋಶಗಳಿಗೆ ಎರಡು ಕಡೆಯಿಂದ ರಕ್ತ ಬರುತ್ತದೆ, ಪೋರ್ಟಲ್ ನಾಳದಿಂದ ಮತ್ತು ಧಮನಿಯಿಂದ. ಪಿತ್ತನಾಳಕ್ಕೆ ಧಮನಿಯೊಂದೇ ಗತಿ. ಐಸಿನ ಹೊತ್ತಿನಲ್ಲಿ ನಾಳದ ಒಳಪದರ, ಅದನ್ನು ಸುತ್ತಿದ ಸೂಕ್ಷ್ಮ ರಕ್ತಜಾಲ ಏಟು ತಿಂದಿರುತ್ತದೆ. ಲಿವರ್ ತೆಗೆದಾಗ ಪಿತ್ತಕೋಶ ಬಿಚ್ಚಿ ನಾಳವನ್ನು ಚೆನ್ನಾಗಿ ತೊಳೆಯದಿದ್ದರೆ ಒಳಗುಳಿದ ಪಿತ್ತರಸವೂ ಆ ಪದರವನ್ನು ಕೊರೆಯುತ್ತದೆ. ಗಾಯ ಮಾಯುತ್ತ ಗಟ್ಟಿಯಾಗಿ ನಾಳ ಬಿಗಿಯುವುದಕ್ಕೆ ತಿಂಗಳುಗಳು ಬೇಕು. ಎನ್‌ಜೈಮ್ ಏರಿಳಿತ ವಾರದಲ್ಲಿ ಮುಗಿದಿರುತ್ತದೆ, ಐಸ್ ಪೆಟ್ಟಿಗೆಯ ಸಾಲ ತೀರಿಸುವುದು ಆಮೇಲೆ.

ಆದರೆ ಎಲ್ಲದಕ್ಕೂ ಐಸನ್ನೇ ದೂರಬೇಡಿ. ಹೊಲಿಗೆ ಹಾಕಿದ ಜಾಗದಲ್ಲಿ ಮಾತ್ರ ಕಿರಿದಾಗಿದ್ದರೆ ಅದು ಬೇರೆ, ಅದಕ್ಕೆ ಪರಿಹಾರ ಸುಲಭ. ಇಆರ್‌ಸಿಪಿಯಲ್ಲಿ (ಬಾಯಿಯಿಂದ ಇಳಿಸುವ ಎಂಡೋಸ್ಕೋಪಿ) ಬಲೂನ್ ಬಿಟ್ಟು ಹಿಗ್ಗಿಸಿ ಸ್ಟೆಂಟ್ ಹಾಕುತ್ತಾರೆ, ಕೆಲವು ತಿಂಗಳಿಗೊಮ್ಮೆ ಬದಲಿಸುತ್ತ ಸುಮಾರು ಒಂದು ವರ್ಷ ಇಡುತ್ತಾರೆ. ಹೆಚ್ಚಿನವರಿಗೆ ಇಷ್ಟರಲ್ಲೇ ಸರಿಹೋಗುತ್ತದೆ. ಲಿವರಿನ ಒಳಗಿನ ಕವಲುಗಳಲ್ಲಿ ಅಲ್ಲಲ್ಲಿ ಕಿರಿದಾಗಿದ್ದರೆ ಕಷ್ಟ, ಕೆಲವರಿಗೆ ಮತ್ತೆ ಕಸಿ ಬೇಕಾಗುತ್ತದೆ. ಎಂಆರ್‌ಸಿಪಿ ಸ್ಕ್ಯಾನ್ ಎರಡನ್ನೂ ಬಿಡಿಸಿ ತೋರಿಸುತ್ತದೆ. ಜೊತೆಗೆ ಡಾಪ್ಲರ್ ಮಾಡಿಸಿ ಧಮನಿಯಲ್ಲಿ ರಕ್ತ ಹರಿಯುತ್ತಿದೆಯೇ ಎಂದು ನೋಡಲೇಬೇಕು. ಧಮನಿ ಕಟ್ಟಿಕೊಂಡಿದ್ದರೂ ಇದೇ ಲಕ್ಷಣ. ಚಳಿಜ್ವರ ಬಂದ ದಿನವೇ ಕಸಿ ಕೇಂದ್ರಕ್ಕೆ ಹೋಗಿ. ಊರಿನಲ್ಲೇ ಜ್ವರದ ಮಾತ್ರೆ ನುಂಗಿ ಕಾಯುವ ವಿಷಯ ಇದಲ್ಲ.

ಪ್ರಶ್ನೆ: ನಾನೇ ನನ್ನ ಗಂಡನಿಗೆ ಲಿವರ್ ಕೊಡಬೇಕೆಂದಿದ್ದೇನೆ. ಆಗಲೂ ಐಸಿನಲ್ಲಿಡುತ್ತಾರೆಯೇ? ಎಷ್ಟು ತೆಗೆಯುತ್ತಾರೆ? — ಕುಣಿಗಲ್

ಉತ್ತರ: ಇಡುತ್ತಾರೆ, ಆದರೆ ಅಕ್ಕಪಕ್ಕದ ಎರಡು ಥಿಯೇಟರ್ ಆದ್ದರಿಂದ ಹೆಚ್ಚೆಂದರೆ ಒಂದೆರಡು ಗಂಟೆ. ಭಾರತದಲ್ಲಿ ಹೆಚ್ಚಿನ ಲಿವರ್ ಕಸಿ ಹೀಗೆ ಬದುಕಿರುವ ದಾನಿಗಳಿಂದಲೇ ಆಗುತ್ತದೆ. ರೋಗಿಯ ತೂಕದ ಶೇ 0.8ರಷ್ಟಾದರೂ ಲಿವರ್ ಸಿಗಬೇಕು, 60 ಕೆ.ಜಿ.ಯವರಿಗೆ 480 ಗ್ರಾಂ. ದೊಡ್ಡವರಿಗೆ ಸಾಮಾನ್ಯವಾಗಿ ಬಲಭಾಗ, ಅಂದರೆ ಸುಮಾರು ಶೇ 60. ನಿಮ್ಮಲ್ಲಿ ಕನಿಷ್ಠ ಶೇ 30 ಉಳಿಯಲೇಬೇಕು. ಉಳಿದದ್ದು ಎರಡು-ಮೂರು ತಿಂಗಳಲ್ಲಿ ಹೆಚ್ಚುಕಡಿಮೆ ಮೊದಲಿನಷ್ಟೇ ಬೆಳೆಯುತ್ತದೆ. ದಾನಿಗೆ ಅಪಾಯ ಕಡಿಮೆ, ಸೊನ್ನೆಯಲ್ಲ; ಸಾವೂ ಆಗಿರುವುದುಂಟು, ಇದನ್ನು ಮುಚ್ಚಿಡುವ ಕಡೆ ಒಪ್ಪಿಗೆ ಹಾಕಬೇಡಿ. ಬೇಡ ಎನಿಸಿದರೆ ಕೊನೆಯ ಕ್ಷಣದಲ್ಲೂ ಹಿಂದೆ ಸರಿಯಬಹುದು. ಅತ್ತೆ ಮನೆಯವರು ಕೂತಿರುವಾಗಲ್ಲ, ಒಬ್ಬರೇ ಇರುವಾಗ ವೈದ್ಯರೊಡನೆ ಮಾತಾಡಿ.

ಪ್ರಶ್ನೆ: ಕಸಿ ಆದವರು ಎಷ್ಟು ವರ್ಷ ಬದುಕುತ್ತಾರೆ? ನಾವು ರೇಷ್ಮೆ, ಹಸು ಇಟ್ಟುಕೊಂಡಿರುವವರು. ಹೊಲದ ಕೆಲಸ ಮಾಡಬಹುದೇ, ಊಟದಲ್ಲಿ ಏನು ಬಿಡಬೇಕು? — ಶಿಡ್ಲಘಟ್ಟ

ಉತ್ತರ: ವಿದೇಶಗಳ ದೊಡ್ಡ ನೋಂದಣಿ ಲೆಕ್ಕದಲ್ಲಿ 100 ಜನರಲ್ಲಿ ಒಂದು ವರ್ಷಕ್ಕೆ 85–90, ಐದು ವರ್ಷಕ್ಕೆ 70–75, ಹತ್ತು ವರ್ಷಕ್ಕೆ 60ರ ಆಸುಪಾಸು ಮಂದಿ ಇರುತ್ತಾರೆ. 20, 25 ವರ್ಷ ದಾಟಿದವರೂ ಬೇಕಾದಷ್ಟಿದ್ದಾರೆ. ಮೊದಲ ವರ್ಷ ಕಳೆದುಕೊಳ್ಳುವುದು ಹೆಚ್ಚಾಗಿ ಸೋಂಕಿಗೆ, ಲಿವರ್ ಕೆಲಸ ಮಾಡದ್ದಕ್ಕೆ. ಆಮೇಲಿನ ಲೆಕ್ಕವೇ ಬೇರೆ: ಹೃದ್ರೋಗ, ಕ್ಯಾನ್ಸರ್, ಕಿಡ್ನಿ. ಲಿವರ್ ಕಸಿಯಾದ ಐದು ವರ್ಷಕ್ಕೆ ಶೇ 18ರಷ್ಟು ಮಂದಿಯ ಕಿಡ್ನಿ ಗಂಭೀರವಾಗಿ ಸೋತಿತ್ತು ಎಂದು 2003ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು. ಅದಕ್ಕೆ ಮುಖ್ಯ ಕಾರಣಗಳಲ್ಲೊಂದು ಲಿವರ್ ಉಳಿಸುವ ಮಾತ್ರೆಯೇ. ಹಾಗಾಗಿ ದೇಹ ಹೊಸ ಲಿವರನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಆ ಟ್ಯಾಕ್ರೋಲಿಮಸ್ ಮಾತ್ರೆಯ ಪ್ರಮಾಣವನ್ನು ವರ್ಷ ಕಳೆದಂತೆ ಇಳಿಸುತ್ತಾರೆ, ಬಿಪಿಯನ್ನು 130/80ರೊಳಗೆ ಹಿಡಿಯುತ್ತಾರೆ. ಸಕ್ಕರೆ ಕಾಯಿಲೆ ಹೊಸದಾಗಿ ಬರುವುದೂ ಸಾಮಾನ್ಯ. 'ದೊಡ್ಡ ಆಪರೇಷನ್ ಆಗಿದೆ, ಚೆನ್ನಾಗಿ ತಿನ್ನಲಿ' ಎಂದು ತುಪ್ಪ, ಅನ್ನ ಬಡಿಸಿ 15 ಕೆ.ಜಿ. ಏರಿಸುವುದು ನಮ್ಮ ಮನೆಗಳ ತಪ್ಪು. ಹೊಸ ಲಿವರಿಗೂ ಕೊಬ್ಬು ಹತ್ತುತ್ತದೆ.

ಮುದ್ದೆ, ಸೊಪ್ಪಿನ ಸಾರು, ಬಸ್ಸಾರು ಧಾರಾಳವಾಗಿ ತಿನ್ನಲಿ. ಬಿಡಬೇಕಾದ್ದು ಬೇಯಿಸದ್ದು, ಕಾಯಿಸದ್ದು: ಹಸಿ ಹಾಲು, ಗಿಣ್ಣದ ಹಸಿ ಹಾಲು, ಅರೆಬೆಂದ ಮೊಟ್ಟೆ-ಮಾಂಸ, ರಸ್ತೆಬದಿ ಕತ್ತರಿಸಿಟ್ಟ ಹಣ್ಣು. ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೂ ಕುದಿಸಿ ಆರಿಸಿ ಕುಡಿಯಿರಿ. ಆ ಕ್ಯಾನ್ ತೊಳೆದು ಎಷ್ಟು ಕಾಲವಾಯಿತು ಎಂದು ಯಾರಿಗೆ ಗೊತ್ತು?

ನಿಮ್ಮ ಸೀಮೆಯವರಿಗೆ ಮುಖ್ಯವಾಗಿ ಹೇಳಬೇಕಾದ್ದು ಚಕ್ಕೋತ. ದೇವನಹಳ್ಳಿ ಚಕ್ಕೋತಕ್ಕೆ ಹೆಸರಿದೆ, ಹಿತ್ತಲಲ್ಲೂ ಮರವಿರುತ್ತದೆ. ಟ್ಯಾಕ್ರೋಲಿಮಸ್ ತೆಗೆದುಕೊಳ್ಳುವವರು ಒಂದು ತೊಳೆಯನ್ನೂ ತಿನ್ನಬಾರದು. ಮಾತ್ರೆಯನ್ನು ಕರುಳಿನಲ್ಲೇ ಒಡೆದುಹಾಕುವ ಎನ್‌ಜೈಮ್ ಒಂದಿದೆ, ಚಕ್ಕೋತದ ರಸ ಅದನ್ನು ಕಟ್ಟಿಹಾಕುತ್ತದೆ. ಎರಡು ಮಾತ್ರೆ ನುಂಗಿದರೂ ನಾಲ್ಕರಷ್ಟು ರಕ್ತಕ್ಕೆ ಸೇರಿ ಕೈ ನಡುಗಿ ಕಿಡ್ನಿಗೆ ಪೆಟ್ಟು ಬೀಳಬಹುದು. ಪರಿಣಾಮ ಒಂದೆರಡು ದಿನ ಉಳಿಯುವುದರಿಂದ ಬೆಳಗ್ಗೆ ಮಾತ್ರೆ, ಸಂಜೆ ಹಣ್ಣು ಎಂಬ ಜಾಣತನವೂ ನಡೆಯದು.

ಔಷಧದಂಗಡಿಯಿಂದಲೂ ಇದೇ ಬಗೆಯ ಅಪಾಯ. ಫ್ಲುಕೋನಜೋಲ್, ಕ್ಲಾರಿಥ್ರೋಮೈಸಿನ್ ಮಟ್ಟ ಏರಿಸುತ್ತವೆ. ಕ್ಷಯದ ರಿಫಾಂಪಿಸಿನ್, ಫಿಟ್ಸ್‌ನ ಫೆನಿಟಾಯಿನ್ ಇಳಿಸುತ್ತವೆ, ಲಿವರ್ ತಿರಸ್ಕಾರವಾಗುವ ಮಟ್ಟಕ್ಕೆ. ಭೇದಿಯಾದಾಗಲೂ ಮಟ್ಟ ಏರುತ್ತದೆ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ಬೇಡ. ಪ್ಯಾರಾಸಿಟಮಾಲ್ ದಿನಕ್ಕೆ 2 ಗ್ರಾಂ ಒಳಗೆ ಆಗಬಹುದು. ಅಮೃತಬಳ್ಳಿ ಕಷಾಯ 'ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ' ಎಂದು ಕೊಡುವವರಿದ್ದಾರೆ. ಕಸಿಯಾದವರಲ್ಲಿ ನಾವು ತಗ್ಗಿಸಿಟ್ಟಿರುವುದೇ ಆ ಶಕ್ತಿಯನ್ನು! ಅದೂ ಅಲ್ಲದೆ ಅದರಿಂದ ಲಿವರ್ ಊದಿಕೊಂಡ ಪ್ರಕರಣಗಳನ್ನು ಭಾರತದ ವೈದ್ಯರೇ ದಾಖಲಿಸಿದ್ದಾರೆ. ಕಾಮಾಲೆಯ ನಾಟಿ ಔಷಧಕ್ಕೂ ಇದೇ ಮಾತು.

ಕೆಲಸ: ಮೂರು ತಿಂಗಳು ಭಾರ ಎತ್ತುವಂತಿಲ್ಲ, ಹೊಲಿಗೆ ಬಿಟ್ಟು ಹರ್ನಿಯಾ ಆಗುತ್ತದೆ. ಆಮೇಲೆ ಸೊಪ್ಪು ಕೊಯ್ಯುವುದು, ಹುಳುವಿಗೆ ಹಾಕುವುದು ಆಗಬಹುದು. ಮೊದಲ ಆರು ತಿಂಗಳಾದರೂ ತಿಪ್ಪೆ ಕೆದಕುವುದು, ಬೂಸ್ಟು ಹಿಡಿದ ಹುಲ್ಲು ಬಿಡಿಸುವುದು, ಕೋಳಿ-ಪಾರಿವಾಳದ ಗೂಡು ಗುಡಿಸುವುದು ಬೇರೆಯವರ ಪಾಲಿಗಿರಲಿ. ಆ ಧೂಳಿನ ಶಿಲೀಂಧ್ರ ಶ್ವಾಸಕೋಶಕ್ಕೆ ಇಳಿದರೆ ಬಿಡಿಸುವುದು ಕಷ್ಟ. ಮುಂದೆಯೂ ಮಾಸ್ಕ್, ಬೂಟ್ಸ್ ಬೇಕು.

ಪ್ರಶ್ನೆ: ಕಸಿ ಆಗಿ ಎರಡು ವರ್ಷ ಆಯ್ತು, ಎಲ್ಲ ರಿಪೋರ್ಟ್ ನಾರ್ಮಲ್. ಹಬ್ಬಕ್ಕೆ ಸ್ವಲ್ಪ ಬಿಯರ್? — ಬಂಗಾರಪೇಟೆ

ಉತ್ತರ: ಬೇಡ.

ಪ್ರಶ್ನೆ: ಮಗನಿಗೆ ಟ್ಯಾಕ್ರೋಲಿಮಸ್ ಲೆವೆಲ್ ಟೆಸ್ಟಿಗೆ ಬೆಳಗ್ಗೆ 4 ಗಂಟೆಯ ಬಸ್ಸಿಗೆ ಬೆಂಗಳೂರಿಗೆ ಹೋಗುತ್ತೇವೆ. ಒಂದು ಸಲ 14 ಬರುತ್ತದೆ, ಇನ್ನೊಂದು ಸಲ 4. ಡೋಸ್ ಬದಲಿಸಿಲ್ಲ. ಅಂಗಡಿಯವರು ಅಗ್ಗದ ಬೇರೆ ಕಂಪನಿ ಮಾತ್ರೆ ಕೊಡುತ್ತಾರೆ, ಅದು ಕಾರಣವೇ? — ಪಾವಗಡ

ಉತ್ತರ: ಎರಡು ಕಾರಣ ಇರಬಹುದು. ಕಂಪನಿ ಬದಲಾದರೆ ಕೆಲವರಲ್ಲಿ ಮಟ್ಟ ಬದಲಾಗುತ್ತದೆ. ಅಗ್ಗದ್ದು ಕೆಟ್ಟದ್ದೆಂದಲ್ಲ, ಆದರೆ ಒಂದನ್ನೇ ಹಿಡಿದುಕೊಳ್ಳಬೇಕು. ಬದಲಿಸಲೇಬೇಕಾದರೆ ವೈದ್ಯರಿಗೆ ತಿಳಿಸಿ ವಾರದೊಳಗೆ ಮತ್ತೆ ಲೆವೆಲ್ ನೋಡಬೇಕು. ದಿನಕ್ಕೆ ಎರಡು ಸಲದ ಮಾತ್ರೆ ಮತ್ತು ಒಂದೇ ಸಲದ ಮಾತ್ರೆ ಬೇರೆಬೇರೆ, ಅದಲುಬದಲಾಗಿಲ್ಲವೇ ಎಂದು ಚೀಟಿ ನೋಡಿ. ಖರ್ಚಿನ ವಿಷಯಕ್ಕೆ ಬಿಪಿಎಲ್ ಕಾರ್ಡಿದ್ದರೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಅಂಗಾಂಗ ಕಸಿ ಯೋಜನೆಯ ಬಗ್ಗೆ ಕಸಿ ಸಂಯೋಜಕರಲ್ಲಿ ಕೇಳಿ.

ಎರಡನೆಯ ಕಾರಣ ಇನ್ನೂ ಸಾಮಾನ್ಯ: ರಕ್ತ ಕೊಟ್ಟ ಸಮಯ. ದಿನಕ್ಕೆ ಎರಡು ಸಲದ ಮಾತ್ರೆಯಾದರೆ ನೋಡಬೇಕಾದದ್ದು ಹಿಂದಿನ ಡೋಸ್ ಆಗಿ 12 ಗಂಟೆಯ ನಂತರದ ಮಟ್ಟವನ್ನು. ಬಸ್ ಹತ್ತುವ ಮೊದಲೇ ಮಾತ್ರೆ ನುಂಗಿ ಹೋದರೆ 14 ಬರುವುದು ಸಹಜ. ನುಂಗದೆ ಹೋದ ಸಲ 4. ಹಾಗಾಗಿ ಹಿಂದಿನ ರಾತ್ರಿಯ ಮಾತ್ರೆಯನ್ನು 9ಕ್ಕೆ ಕೊಟ್ಟರೆ ರಕ್ತ ಬೆಳಗ್ಗೆ 9ಕ್ಕೆ. ಲ್ಯಾಬಿನಲ್ಲಿ ಸಾಲು ಉದ್ದವಿದ್ದರೆ ಕಿಟಕಿಯಲ್ಲಿ 'ಟ್ಯಾಕ್ ಲೆವೆಲ್' ಎಂದು ಹೇಳಿ, ಮುಂದೆ ಬಿಡುತ್ತಾರೆ. ಚೀಟಿಯ ಮೇಲೆ ಕೊನೆಯ ಡೋಸಿನ ಸಮಯ, ರಕ್ತ ತೆಗೆದ ಸಮಯ ಎರಡನ್ನೂ ಬರೆಸಿ. ಬೆಳಗಿನ ಮಾತ್ರೆ, ತಿಂಡಿಯ ಡಬ್ಬಿ ಎರಡೂ ಚೀಲದಲ್ಲಿರಲಿ. ರಕ್ತ ಕೊಟ್ಟ ಕೂಡಲೇ ಮಾತ್ರೆ, ಒಂದು ಗಂಟೆ ಬಿಟ್ಟು ತಿಂಡಿ.